ಮಿನಿಸ್ಟರ್ ಮೇಲೆ ಕೂತ ನೊಣ

ನನ್ನ ಕೆಲಸ ನೊಣ ಓಡಿಸುವುದು.

ಹೀಗೆಂದರೆ ಜನ ಮೊದಲು ನಗುತ್ತಾರೆ. ಆಮೇಲೆ ಅದೂ ಒಂದು ಕೆಲಸವಾ ಎನ್ನುತ್ತಾರೆ. ಅವರನ್ನು ಮೇ ತಿಂಗಳ ಬಿಸಿಲಲ್ಲಿ ಕುದುರೆಯ ಪಕ್ಕ ನಿಲ್ಲಿಸಬೇಕು. ಕೈಗೆ ಬೇವಿನ ಕೊಂಬೆ ಕೊಡಬೇಕು. ಎರಡನೆಯ ಗಂಟೆಗೆ ಭುಜ ಅವರ ಮಾತು ಕೇಳುವುದಿಲ್ಲ. ಮೂರನೆಯ ಗಂಟೆಗೆ ಅವರು ಯಾರ ಮಾತೂ ಕೇಳುವುದಿಲ್ಲ.

ನನ್ನ ಹೆಸರು ಬೈರಮ್ಮ. ಕುದುರೆಯ ಹೆಸರು ಮಿನಿಸ್ಟರ್. ಕುದುರೆಯ ಯಜಮಾನನ ಹೆಸರು ಶಶಿ. ಚಾಮರಾಜಪೇಟೆಯಲ್ಲಿ ಪಂಕ್ಚರ್ ಅಂಗಡಿಯ ಹಿಂದೆ ಶೀಟು ಹೊದಿಸಿದ ಲಾಯವಿದೆ. ‘ಮದುವೆ ಕುದುರೆ ಬಾಡಿಗೆಗೆ ದೊರೆಯುತ್ತದೆ’ ಎಂಬ ಬೋರ್ಡಿದೆ. ಮಿನಿಸ್ಟರ್ ಎಂಬ ಹೆಸರು ಶಶಿಯ ಅಪ್ಪ ಇಟ್ಟದ್ದು. ಕೊರಳಿಗೆ ಮಾಲೆ ಬೀಳದೆ ಅವನು ಹೆಜ್ಜೆ ಎತ್ತುವುದಿಲ್ಲ. ಎತ್ತಿದ ಮೇಲೆ ಹೋದ ದಾರಿಯಲ್ಲೆಲ್ಲ ಹಾಕುತ್ತಾ ಹೋಗುತ್ತಾನೆ. ಹಾಕಿದ್ದನ್ನು ಬೇರೆಯವರು ಎತ್ತಬೇಕು. ಆ ಬೇರೆಯವರೂ ನಾನೇ.

ನೊಣಗಳಲ್ಲೂ ಜಾತಿ ಇದೆ. ಒಂದು ಮನೆನೊಣ. ಅದು ಕುದುರೆಯ ಕಣ್ಣೀರು ಕುಡಿಯುತ್ತದೆ. ಇನ್ನೊಂದು ಸಣ್ಣಗೆ ಬೂದು ಬಣ್ಣದ್ದು, ಹೊಟ್ಟೆಯ ಕೆಳಗೆ, ಕಾಲಿನ ಸಂದಿಯಲ್ಲಿ ಕಚ್ಚುತ್ತದೆ. ಮೂರನೆಯದು ಹೆಬ್ಬೆರಳ ಉಗುರಿನಷ್ಟು ದೊಡ್ಡದು. ಕೂತ ಜಾಗದಲ್ಲಿ ರಕ್ತ ಬಂದೇ ಬರುತ್ತದೆ. ಆದರೆ ಊಟಕ್ಕೆ ಮೂರೂ ಒಂದೇ ಕುದುರೆಯ ಮೇಲೆ ಒಟ್ಟಿಗೆ ಕೂರುತ್ತವೆ. ಆ ವಿಷಯದಲ್ಲಿ ನಮಗಿಂತ ಮುಂದುವರಿದಿವೆ.

ಬೇಸಿಗೆಯಲ್ಲಿ ನನ್ನ ಕೆಲಸ ಬೆಳಿಗ್ಗೆ ಐದಕ್ಕೆ ಶುರು. ಲದ್ದಿ ಎತ್ತಿ ನೆಲ ಒಣಗಿಸುತ್ತೇನೆ. ಒದ್ದೆ ನೆಲವೇ ನೊಣದ ತವರುಮನೆ. ಬೇವಿನ ಎಲೆಯ ಹೊಗೆ ಹಾಕುತ್ತೇನೆ. ಬೇವಿನೆಣ್ಣೆಯಲ್ಲಿ ಕರ್ಪೂರ ಕರಗಿಸಿ ಕಿವಿಯಿಂದ ಗೊರಸಿನವರೆಗೆ ತಿಕ್ಕುತ್ತೇನೆ. ಹಣೆಗೆ ದಾರದ ಪರದೆ ಕಟ್ಟುತ್ತೇನೆ. ಹಳೆಯ ಸೀರೆಯ ಕುಚ್ಚಿನಿಂದ ನಾನೇ ಮಾಡಿದ್ದು. ತಲೆ ಅಲ್ಲಾಡಿಸಿದಾಗ ಎಳೆಗಳು ಅಲ್ಲಾಡುತ್ತವೆ. ಕಣ್ಣಿಗೆ ನೊಣ ಬರುವುದಿಲ್ಲ. ಹೋದ ವರ್ಷ ಒಂದು ಮದುವೆಯವರು ಅದನ್ನು ಬಿಚ್ಚಿಸಿದರು. ಮಿನಿಸ್ಟರನ ಎಡಗಣ್ಣು ಬಾತು ಹದಿನೈದು ದಿನ ಕೀವು ಸೋರಿತು. ಬಿಚ್ಚಿಸಿದವರು ಅಷ್ಟರಲ್ಲಿ ಮಾಲ್ಡೀವ್ಸಿಗೆ ಹೋಗಿದ್ದರು.

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಆರು ವರ್ಷದಿಂದ ಮದುವೆಗಳಿಗೆ ಹೋಗುತ್ತಿದ್ದೇನೆ. ಇನ್ನೂರಾದರೂ ಆಗಿರಬೇಕು. ಒಂದರ ಫೋಟೋದಲ್ಲೂ ನಾನಿಲ್ಲ. ಶಶಿಯ ಫೋನಿಗೆ ವಿಡಿಯೋ ಬರುತ್ತವೆ. ಒಂದರಲ್ಲಿ ಬೇವಿನ ಕೊಂಬೆ ಇದೆ, ಹಿಡಿದ ಕೈ ಇಲ್ಲ. ಇನ್ನೊಂದರಲ್ಲಿ ಒಂದು ಮೊಣಕೈ ಇದೆ. ಅದನ್ನು ನಮ್ಮ ವಠಾರದ ವಿಶಾಲಮ್ಮನಿಗೆ ತೋರಿಸಿದೆ. ‘ಇದು ನಿಂದೇ ಅಂತ ಏನ್ ಗ್ಯಾರಂಟಿ?’ ಎಂದಳು. ನನ್ನ ಮೊಣಕೈ ಪಕ್ಕಕ್ಕೆ ಹಿಡಿದು ಹೋಲಿಸಿದಳು. ‘ಅದು ಸ್ವಲ್ಪ ಬೆಳ್ಳಗೈತೆ’ ಎಂದು ತೀರ್ಪು ಕೊಟ್ಟಳು.

ಒಂದು ಸಲ ನನ್ನ ಮುಖ ಬರಬೇಕು. ಅಷ್ಟೇ ಆಸೆ. ದೊಡ್ಡದಲ್ಲ.

ಮೇ ತಿಂಗಳ ಎರಡನೆಯ ವಾರ ಪ್ರಿಯಂವದಾ ಮೇಡಂ ಲಾಯಕ್ಕೆ ಬಂದರು. ಮದುವೆ ಪೂರ್ತಿ ನಡೆಸಿಕೊಡುವ ಗುತ್ತಿಗೆ ಅವರದು. ಬಸವನಗುಡಿಯ ಬದರೀನಾರಾಯಣ ಎಂಬವರ ಮಗ ಕಶ್ಯಪನ ಮದುವೆ. ಗಾಂಧಿ ಬಜಾರಿನ ಹಿಂದಿನ ಅವರ ಮನೆಯಿಂದ ಕಲ್ಯಾಣ ಮಂಟಪದವರೆಗೆ ವರ ಕುದುರೆಯ ಮೇಲೆ ಹೋಗಬೇಕು. ಅವರ ಮನೆತನದಲ್ಲಿ ಈವರೆಗೆ ಯಾರೂ ಕುದುರೆ ಹತ್ತಿದವರಲ್ಲ. ಈಗ ವಿಡಿಯೋ ಇದೆ, ಹಾಗಾಗಿ ಸಂಪ್ರದಾಯವೂ ಇದೆ.

ಮೇಡಂ ಜೊತೆ ಕ್ಯಾಮೆರಾದವನಿದ್ದ. ಮೇಡಂ ಮಿನಿಸ್ಟರನನ್ನು ಹೆಣ್ಣು ನೋಡುವ ಹಾಗೆ ನೋಡಿದರು.

‘ಮುಖಕ್ಕೆ ಇದೇನು?’

‘ನೊಣದ ಪರದೆ ಮೇಡಂ’ ಎಂದ ಶಶಿ.

‘ತೆಗೆಸಿ. ಐಬ್ರೋಸ್ ಕಾಣ್ಬೇಕು.’

ಕುದುರೆಗೆ ಹುಬ್ಬಿಲ್ಲ. ಶಶಿ ಆಯ್ತು ಮೇಡಂ ಎಂದ.

ಮೇಡಂ ಮೂಸಿದರು. ‘ಅಯ್ಯೋ, ಏನಿದು ಸ್ಮೆಲ್ಲು?’

‘ಬೇವಿನೆಣ್ಣೆ, ಕರ್ಪೂರ.’

‘ಗೆಸ್ಟ್ಸ್ ಎಲ್ಲಾ ಪಕ್ಕದಲ್ಲೇ ಡಾನ್ಸ್ ಮಾಡ್ತಾರೆ ಶಶಿ. ಇದು ಬೇಡ. ಶಾಂಪೂ ಹಾಕಿ. ರೋಜಾದು.’

‘ರೋಜಾ ವಾಸ್ನೆಗೆ ನೊಣ ಇನ್ನೂ ಜಾಸ್ತಿ ಬರ್ತವೆ’ ಎಂದೆ ನಾನು.

ಮೇಡಂ ಶಶಿಯನ್ನು ಕೇಳಿದರು. ‘ಇವ್ರು?’

‘ನೊಣ ಓಡ್ಸೋರು ಮೇಡಂ. ಬೈರಕ್ಕ. ಪಕ್ಕದಲ್ಲಿ ಕೊಂಬೆ ಬೀಸ್ಕೊಂಡು ನಡೀತಾರೆ.’

‘ಅಂದ್ರೆ ಫ್ರೇಮಲ್ಲಿ ಬರ್ತಾರಾ?’

‘ಪಕ್ಕದಲ್ಲೇ ನಡೆದ್ರೆ ಬಂದೇ ಬರ್ತಾರೆ’ ಎಂದ ಕ್ಯಾಮೆರಾದವನು.

‘ಅಳಿಸಕ್ಕಾಗಲ್ವಾ?’

ನನ್ನ ಎದುರಿಗೇ ಕೇಳಿದರು. ಗೋಡೆಯ ಮೇಲಿನ ಎಲೆಯಡಿಕೆ ಕಲೆಯ ಬಗ್ಗೆ ಪೇಂಟರನ್ನು ಕೇಳುವ ಹಾಗೆ.

‘ಅಳಿಸ್ಬೋದು ಮೇಡಂ. ತಲೆಯಿಂದ ಕಾಲವರೆಗೆ ಹಸಿರು ಬಟ್ಟೆ ಹಾಕ್ಸಿ. ಮುಖಾನೂ ಮುಚ್ಚಿ. ಕಂಪ್ಯೂಟರ್ ಹಸಿರು ಇರೋದನ್ನೆಲ್ಲ ತೆಗೆದುಬಿಡತ್ತೆ. ಆ ಜಾಗದಲ್ಲಿ ಖಾಲಿ ರೋಡ್ ಕೂರ್ಸತ್ತೆ.’

‘ಸೂಪರ್. ಲಗಾಮು ಹಿಡಿಯೋರಿಗೆ?’

ಶಶಿಗೆ ಶೇರ್ವಾನಿ, ತಲೆಗೆ ಪೇಟ ಎಂದು ತೀರ್ಮಾನವಾಯಿತು. ಲಗಾಮು ಹಿಡಿದವನು ಕಂಡರೆ ರಾಯಲ್ ಅಂತೆ. ಕೊಂಬೆ ಹಿಡಿದವಳು ಕಂಡರೆ ಬಡತನವಂತೆ.

ಅವರು ಹೋದ ಮೇಲೆ ಹೇಳಿದೆ. ‘ನಾನು ಹಾಕ್ಕಳಲ್ಲ. ನೀನೇ ಹಾಕ್ಕೋ.’

‘ನಂಗೆ ಶೇರ್ವಾನಿ ಕೊಟ್ಟವ್ರಲ್ಲಕ್ಕ’ ಎಂದ. ಮುಖದಲ್ಲಿ ಆಗಲೇ ವರನ ಕಳೆ ಬಂದಿತ್ತು. ‘ಒಂದ್ ಗಂಟೆ ಕೆಲ್ಸ. ಈ ಮದ್ವೆ ಕೆಟ್ರೆ ಮೇಡಂ ಕಡೆಯ ಒಂದು ಮದ್ವೇನೂ ಬರಲ್ಲ. ಆಮೇಲೆ ನಿಂಗೂ ಕೆಲ್ಸ ಇಲ್ಲ, ಮಿನಿಸ್ಟರ್‌ಗೂ ಹುರುಳಿ ಇಲ್ಲ.’

ನನ್ನನ್ನು ಬಗ್ಗಿಸಿದ್ದು ಆ ಮಾತಲ್ಲ. ಮದುವೆಯ ದಿನ ಬೆಳಿಗ್ಗೆ ಮೇಡಂ ಕಡೆಯ ಬ್ಯೂಟಿಷಿಯನ್ ಬಂದು ಮಿನಿಸ್ಟರನ ಬಾಲಕ್ಕೆ ಜಡೆ ಹೆಣೆದು, ಮೊಗ್ಗು ಮುಡಿಸಿ, ತುದಿಯನ್ನು ಮೇಲಕ್ಕೆ ಮಡಿಸಿ ಪಿನ್ನು ಹಾಕಿದಳು. ಪರದೆ ಇಲ್ಲ. ಎಣ್ಣೆ ಇಲ್ಲ. ಕುದುರೆಗೆ ದೇವರು ಕೊಟ್ಟದ್ದು ಒಂದೇ ಒಂದು ಚಾಮರ. ಅದನ್ನೂ ಜಡೆ ಮಾಡಿದ್ದರು. ಮಿನಿಸ್ಟರ್ ಬಾಲ ಎತ್ತಲು ನೋಡಿದ. ಏಳಲಿಲ್ಲ. ತಿರುಗಿ ನನ್ನನ್ನು ನೋಡಿದ.

ಹಾಕಿಕೊಂಡೆ.

ಅದು ನೈಟಿಯಂತೆ ಇತ್ತು. ಕೈ ಉದ್ದ. ಕೈಗೆ ಚೀಲ. ತಲೆಗೆ ಚೀಲ. ಕಣ್ಣಿನ ಜಾಗದಲ್ಲಿ ಜಾಲರಿ, ಅದೂ ಹಸಿರು. ಒಳಗಿನಿಂದ ಇಡೀ ಬಸವನಗುಡಿ ಪಾಚಿ ಕಟ್ಟಿದ ಬಾವಿಯಂತೆ ಕಾಣುತ್ತಿತ್ತು. ಬಟ್ಟೆ ಗಾಳಿಯಾಡದ ಜಾತಿಯದು. ಎರಡು ನಿಮಿಷಕ್ಕೆ ಬೆನ್ನು ತೊಯ್ದಿತು. ಮಿನಿಸ್ಟರ್ ನನ್ನನ್ನು ಗುರುತಿಸಲಿಲ್ಲ. ಹತ್ತಿರ ಬಂದು ಮೂಸಿದ. ಆಮೇಲೆ ಭುಜಕ್ಕೆ ಬಾಯಿ ಹಾಕಿದ. ಆರು ವರ್ಷ ಹುಲ್ಲು ಹಾಕಿದವಳನ್ನು ಹುಲ್ಲೇ ಎಂದುಕೊಂಡ.

‘ಚೆನ್ನಾಗೈತಕ್ಕ’ ಎಂದ ಶಶಿ. ಪೇಟ ಸರಿ ಮಾಡಿಕೊಳ್ಳುತ್ತಿದ್ದ.

ಹತ್ತು ಗಂಟೆಗೆ ಕಶ್ಯಪನನ್ನು ಹತ್ತಿಸಿದರು. ಮೂರು ಜನ ಎತ್ತಿದರು, ಒಬ್ಬರು ದೇವರ ಹೆಸರು ಹೇಳಿದರು. ಹುಡುಗ ಒಳ್ಳೆಯವನು. ಹೆದರಿ ಬೆವೆತಿದ್ದ. ‘ಕಚ್ಚತ್ತಾ?’ ಎಂದು ಶಶಿಯನ್ನು ಕೇಳಿದ. ‘ಮೇಲೆ ಕೂತೋರ್ನ ಕಚ್ಚಲ್ಲ ಸಾರ್, ಎಟುಕಲ್ಲ’ ಎಂದ ಶಶಿ.

ಅಲ್ಲೇ ಒಂದು ತಪ್ಪು ನಡೆಯಿತು. ವರನಿಗೆ ಜೇನು, ಮೊಸರು ಕಲಸಿ ಕೊಡುವ ಮಧುಪರ್ಕ ಮಂಟಪದಲ್ಲಿ ಆಗಬೇಕಾದದ್ದು. ಹೆಣ್ಣಿನ ತಂದೆ ಕೊಡಬೇಕಾದದ್ದು. ಪ್ರಿಯಂವದಾ ಮೇಡಂಗೆ ಮನೆಯ ಮುಂದಿನ ಬೆಳಕು ಇಷ್ಟವಾಯಿತು. ‘ಅಜ್ಜಿ, ಇಲ್ಲೇ ಒಂದ್ಸಲ ತಿನ್ನಿಸ್ಬಿಡಿ, ಕುದುರೆ ಮೇಲಿರುವಾಗ’ ಎಂದರು. ಪುರೋಹಿತರು, ‘ಅದು ಹಾಗಲ್ಲಮ್ಮಾ’ ಎಂದರು. ಅವರ ಮೈಕು ಆಫ್ ಆಗಿತ್ತು. ವರನ ಅಜ್ಜಿ ಅಂಬುಜಮ್ಮ ಗಿಳಿಹಸಿರು ರೇಷ್ಮೆ ಸೀರೆ ಉಟ್ಟು ಸ್ಟೂಲು ಹತ್ತಿದರು. ಬೆಳ್ಳಿ ಬಟ್ಟಲು ಎತ್ತಿದರು. ಅದೇ ಗಳಿಗೆಗೆ ಮಿನಿಸ್ಟರ್ ತಲೆ ಒದರಿದ. ಬಟ್ಟಲಿನಲ್ಲಿದ್ದದ್ದೆಲ್ಲ ಕಶ್ಯಪನ ಎದೆಯ ಮೇಲೆ, ತೊಡೆಯ ಮೇಲೆ, ಅಲ್ಲಿಂದ ಜೀನಿನ ಮೇಲೆ ಸುರಿಯಿತು.

‘ಪರವಾಗಿಲ್ಲ, ಶುಭ’ ಎಂದರು ಯಾರೋ.

ನೊಣಗಳಿಗಂತೂ ಶುಭವೇ.

ಮೆರವಣಿಗೆ ಹೊರಟಿತು. ನಾಗಸ್ವರದವರು ಮುಂದೆ, ಡಿಜೆ ಗಾಡಿ ಹಿಂದೆ. ಎರಡರ ನಡುವೆ ಸಿಕ್ಕ ಮಿನಿಸ್ಟರ್ ಯಾವ ತಾಳಕ್ಕೆ ಕಾಲು ಹಾಕುವುದೆಂದು ತಿಳಿಯದೆ ಎರಡಕ್ಕೂ ಹಾಕುತ್ತಿದ್ದ. ನಾನು ಬೀಸುತ್ತಿದ್ದೆ. ಕಣ್ಣು, ಕಿವಿ, ಎದೆ, ಹೊಟ್ಟೆ. ಮತ್ತೆ ಕಣ್ಣು. ಚೀಲ ಹಾಕಿದ ಕೈಯಿಂದ ಕೊಂಬೆ ಜಾರುತ್ತಿತ್ತು. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಒರೆಸಲು ಕೈ ಒಳಗೆ ಹೋಗುವಂತಿರಲಿಲ್ಲ.

ಹಸಿರು ಹಾಕಿದ ಮೇಲೆ ಜನಕ್ಕೂ ನಾನು ಕಾಣದಾದೆ. ಕಂಪ್ಯೂಟರ್ ಇನ್ನೂ ಕೆಲಸ ಶುರು ಮಾಡಿರಲಿಲ್ಲ, ಇವರು ಆಗಲೇ ಮುಗಿಸಿದ್ದರು. ಕುಣಿಯುತ್ತಿದ್ದವನೊಬ್ಬ ನನ್ನ ತಲೆಗೆ ಮೊಣಕೈ ಊರಿ ಶೂ ಕಳಚಿ ಒಳಗಿನ ಕಲ್ಲು ಕೊಡವಿದ. ಒಬ್ಬಾಕೆ ತನ್ನ ವ್ಯಾನಿಟಿ ಬ್ಯಾಗನ್ನು ನನ್ನ ಭುಜಕ್ಕೆ ನೇತು ಹಾಕಿ ಸೀರೆಯ ನೆರಿಗೆ ಸರಿಮಾಡಿಕೊಂಡಳು, ಮತ್ತೆ ತೆಗೆದುಕೊಂಡು ಹೋದಳು.

ವರನ ತಂದೆ ಬದರೀನಾರಾಯಣ ಹಿಂದಿನಿಂದ ಕೂಗಿದರು. ‘ಶಶಿ, ಅದನ್ನ ಸ್ವಲ್ಪ ಆ ಕಡೆ ಸರಿಸಪ್ಪಾ.’

ಅದನ್ನ.

ಶಶಿ ನನ್ನ ತೋಳು ಹಿಡಿದು ಸರಿಸಿದ.

ಮೇಡಂ ಹತ್ತಿರ ಬಂದಾಗ ಹೇಳಿದೆ. ‘ನೀರು ಬೇಕು ಮೇಡಂ.’

‘ಮಂಟಪದಲ್ಲಿ ಕುಡೀರಿ ಆಂಟಿ. ಈಗ ಚೀಲ ತೆಗೆದ್ರೆ ಶಾಟ್ ಹಾಳಾಗತ್ತೆ.’ ಆಮೇಲೆ ವಾಕಿಟಾಕಿಯಲ್ಲಿ ಹೇಳಿದರು. ‘ಕುದುರೆಗೆ ನೀರು ತಗೊಂಡು ಬನ್ನಿ. ಅದರ ಮೂಡ್ ಚೆನ್ನಾಗಿರಲಿ.’

ಬಕೆಟ್ ಬಂತು. ಮಿನಿಸ್ಟರ್ ಕುಡಿದ. ನಾನು ಅವನು ಕುಡಿಯುವ ಸದ್ದು ಕೇಳುತ್ತಾ ನಿಂತೆ.

ತಿರುವಿನಲ್ಲಿ ಒಂದು ಕಸದ ರಾಶಿ ಇತ್ತು. ಮಾವಿನ ವಾಟೆ, ಹಲಸಿನ ಸಿಪ್ಪೆ, ಹೂವಿನ ಅಂಗಡಿಯ ಕೊಳೆತ ಹೂವು. ಎತ್ತಿಸುವ ಹೊತ್ತಿಲ್ಲವೆಂದು ಮೇಡಂ ಕಡೆಯವರು ಅದನ್ನು ಮುಚ್ಚಿದ್ದರು. ಹಸಿರು ಬಟ್ಟೆಯಿಂದ.

ಅದೇ ಬಟ್ಟೆ. ಅದೇ ಥಾನು. ಜಾಲರಿ ಕಣ್ಣಿಗೆ ಒತ್ತಿ ನೋಡಿದೆ. ನನ್ನ ತೋಳಿನ ಅಂಚಿಗೆ ಇದ್ದ ಬಿಳಿ ದಾರದ ಹೊಲಿಗೆಯೇ ಅದರ ಅಂಚಿಗೂ ಇತ್ತು. ಕಸವನ್ನೂ ಅಳಿಸುತ್ತಾರೆ. ನನ್ನನ್ನೂ ಅಳಿಸುತ್ತಾರೆ. ಒಂದೇ ಗುಂಡಿ ಒತ್ತುತ್ತಾರೆ.

ಒಂದೇ ವ್ಯತ್ಯಾಸ. ಕಸಕ್ಕೆ ನಡೆಯುವ ಕೆಲಸ ಹಚ್ಚಿರಲಿಲ್ಲ.

ಮುಚ್ಚಿದ ಕಸದಿಂದ ಎದ್ದ ನೊಣಗಳಿಗೆ ಬೇರೆ ಊಟ ಬೇಕಿತ್ತು. ಜೇನು, ಮೊಸರು, ರೋಜಾ ಶಾಂಪೂ ಹಾದುಹೋಗುತ್ತಿತ್ತು. ಮೋಡದ ಹಾಗೆ ಬಂದವು. ನಾನು ಬೀಸಿದೆ. ಭುಜದ ಕೀಲು ಕಿರುಗುಟ್ಟಿತು. ಆಗ ತಲೆಚೀಲದೊಳಗೆ ಏನೋ ಗುಂಯ್ ಎಂದಿತು. ಒಂದು ನೊಣ ಒಳಗೆ ಬಂದಿತ್ತು. ಅದೂ ನಾನೂ. ಅದು ನನ್ನ ಮೂಗಿನ ಮೇಲೆ ಕೂತಿತು. ಊರ ಕುದುರೆಯ ನೊಣ ಓಡಿಸುವವಳು. ನನ್ನ ಮೂಗಿನ ನೊಣಕ್ಕೆ ನನ್ನ ಕೈ ಎಟುಕಲಿಲ್ಲ.

ನಿಂತೆ.

ತಲೆಯ ಚೀಲ, ಕೈಯ ಚೀಲ ಎಲ್ಲ ಕಿತ್ತೆ. ಮೊದಲು ಮೂಗು ಒರೆಸಿಕೊಂಡೆ. ಆಮೇಲೆ ನೈಟಿ ಎತ್ತಿ ತಲೆಯ ಮೇಲಿನಿಂದ ತೆಗೆದೆ. ಒಳಗೆ ನನ್ನ ಇಟ್ಟಿಗೆ ಬಣ್ಣದ ಸೀರೆ ಮೈಗಂಟಿತ್ತು. ಗಾಳಿ ತಾಗಿತು. ಬಸವನಗುಡಿಗೆ ಬಣ್ಣ ವಾಪಸ್ಸು ಬಂತು. ಕೊಂಬೆಯನ್ನು ಒಂದು ಮನೆಯ ಕಾಂಪೌಂಡಿನ ಮೇಲೆ ಇಟ್ಟೆ.

‘ಕಟ್! ಕಟ್!’ ಎಂದರು ಮೇಡಂ. ನಾಗಸ್ವರದವರು ತಮಗೆ ಎಂದುಕೊಂಡು ನಿಲ್ಲಿಸಿದರು. ‘ಆಂಟಿ, ಏನ್ ಮಾಡ್ತಿದೀರಾ? ಹಾಕ್ಕೊಳ್ಳಿ!’

‘ಹಾಕ್ಕಳಲ್ಲ.’

‘ಬೈರಕ್ಕಾ!’ ಎಂದ ಶಶಿ, ಅಳುವ ದನಿಯಲ್ಲಿ.

‘ನಾನು ಕಸ ಅಲ್ಲ ಶಶಿ. ಆ ಬಟ್ಟೆ ನೋಡು. ಕಸಕ್ಕೂ ಅದೇ, ನಂಗೂ ಅದೇ. ಅಳ್ಸೋದಾದ್ರೆ ನೊಣಾನೂ ಕಂಪ್ಯೂಟ್ರಲ್ಲೇ ಅಳಿಸ್ಕೊಳ್ಳಿ.’

ಒಂದು ನಿಮಿಷದಲ್ಲಿ ಮಿನಿಸ್ಟರನ ಕಣ್ಣಂಚು ಕಪ್ಪಾಯಿತು. ಕಾಲು ನೆಲಕ್ಕೆ ಬಡಿದ. ಜಡೆಯ ಬಾಲ ಎತ್ತಲು ಹೋಗಿ ಹಿಂಭಾಗವನ್ನೇ ಕುಲುಕಿಸಿದ. ನನ್ನ ಕೈ ತಾನಾಗಿ ಏಳುತ್ತಿತ್ತು. ಸೆರಗಿನೊಳಗೆ ಸಿಕ್ಕಿಸಿಕೊಂಡೆ. ಇದು ತುಂಬ ಕಷ್ಟದ ಕೆಲಸ. ಬೀಸುವುದಕ್ಕಿಂತ ಬೀಸದೆ ಇರುವುದಕ್ಕೆ ಭುಜ ಹೆಚ್ಚು ನೋಯುತ್ತದೆ. ಅವನ ಎಡಗಣ್ಣಲ್ಲಿ ನೀರು ಕಂಡಾಗ ನನ್ನಿಂದ ಆಗಲಿಲ್ಲ. ಅವನು ನನಗೆ ಯಾವ ಅನ್ಯಾಯವನ್ನೂ ಮಾಡಿದವನಲ್ಲ. ಭುಜ ಕಚ್ಚಿದ್ದು ಬಿಟ್ಟರೆ.

ಮೇಡಂ ಕಡೆಯ ಆಟೋದಲ್ಲಿ ಥಾನಿನ ಉಳಿದ ಬಟ್ಟೆ ಇತ್ತು. ಎಳೆದು ತಂದೆ. ಮಿನಿಸ್ಟರನಿಗೆ ಹೊದಿಸಿದೆ. ಕುತ್ತಿಗೆ, ಬೆನ್ನು, ಹೊಟ್ಟೆ, ನಾಲ್ಕು ಕಾಲಿಗೂ ಇಳಿಬಿಟ್ಟೆ. ಬಾಲದ ಪಿನ್ನುಗಳನ್ನೇ ಕಿತ್ತು ಅಲ್ಲಲ್ಲಿ ಹಾಕಿದೆ. ತಲೆಗೆ ನನ್ನ ತಲೆಚೀಲ, ಜಾಲರಿ ಸರಿಯಾಗಿ ಕಣ್ಣಿಗೆ ಬರುವ ಹಾಗೆ. ಕಿವಿಗೆ ನನ್ನ ಕೈಚೀಲ ಎರಡು. ಮಿನಿಸ್ಟರ್ ಒಂದು ದೊಡ್ಡ ಉಸಿರು ಬಿಟ್ಟು ಸುಮ್ಮನಾದ. ಹಸಿರು ಬೆಟ್ಟದ ಮೇಲೆ ವರ ಕೂತ ಹಾಗಿತ್ತು.

‘ಏಯ್, ಏನಿದು ಹುಚ್ಚಾಟ?’ ಎಂದು ಬದರೀನಾರಾಯಣ ಬಂದರು.

‘ಕುದುರೆಗೆ ನೊಣ ಕೂರಬಾರ್ದು, ಅಷ್ಟೇ ತಾನೆ ಸಾಮಿ? ಕೂರಲ್ಲ.’

ಸತ್ಯ. ಕುದುರೆಯ ಮೇಲೆ ಒಂದೂ ಇರಲಿಲ್ಲ. ಎಲ್ಲ ಕಶ್ಯಪನ ಮೇಲಿದ್ದವು.

ಹುಡುಗ ಮೊದಲು ಎದೆಗೆ ಹೊಡೆದುಕೊಂಡ. ಆಮೇಲೆ ಕೆನ್ನೆಗೆ. ತೊಡೆಗೆ. ಎರಡೂ ಕೈ ತಲೆಯ ಮೇಲೆ ಆಡಿಸಿದ, ಭುಜ ಕುಣಿಸಿದ. ವರನೇ ಕುಣಿಯುತ್ತಿದ್ದಾನೆಂದು ಡಿಜೆಯವನು ಸದ್ದು ಜಾಸ್ತಿ ಮಾಡಿದ. ಗೆಳೆಯರು ಹೋ ಎಂದರು. ಸಾಲಾಗಿ ನಿಂತು ಅವನು ಮಾಡಿದ ಹಾಗೇ ಮಾಡತೊಡಗಿದರು. ಎದೆಗೆ ಒಂದು, ಕೆನ್ನೆಗೆ ಎರಡು, ತೊಡೆಗೆ ಒಂದು. ಸೋದರತ್ತೆಯರೂ ಸೇರಿದರು. ಬಸವನಗುಡಿಯ ರಸ್ತೆಯಲ್ಲಿ ಐವತ್ತು ಜನ ತಮಗೆ ತಾವೇ ಹೊಡೆದುಕೊಂಡು ಕುಣಿಯುತ್ತಿದ್ದರು.

‘ಆಂಟೀ!’ ಎಂದು ಕಿರುಚಿದ ಕಶ್ಯಪ. ‘ನಂಗೂ ಸ್ವಲ್ಪ ಬೀಸಿ ಆಂಟಿ, ಪ್ಲೀಸ್! ಕಿವಿ ಒಳಗೆ ಹೋಗ್ತಿದೆ!’

‘ನಾನು ಕುದುರೆ ನೊಣ ಓಡ್ಸೋಳಪ್ಪ. ಮನುಷ್ಯರ ಮೇಲೆ ಕೂತದ್ದು ನನ್ನ ಕೆಲ್ಸ ಅಲ್ಲ.’

‘ಮುಹೂರ್ತ ಹನ್ನೊಂದೂ ನಲವತ್ತಕ್ಕೆ!’ ಎಂದರು ಪುರೋಹಿತರು. ಈ ಸಲ ಮೈಕು ಆನ್ ಇತ್ತು. ಇಡೀ ಗಾಂಧಿ ಬಜಾರಿಗೆ ಕೇಳಿಸಿತು. ಆಗಲೇ ಹನ್ನೊಂದು ದಾಟಿತ್ತು.

‘ಶಶಿ, ನಡೆಸೋ ಕುದುರೇನ’ ಎಂದರು ಬದರೀನಾರಾಯಣ. ಶಶಿ ಎಳೆದ. ಮಿನಿಸ್ಟರ್ ಕದಲಲಿಲ್ಲ. ನಾನು ಪಕ್ಕದಲ್ಲಿ ನಡೆಯದೆ ಅವನು ನಡೆಯುವವನಲ್ಲ, ಆರು ವರ್ಷದ ರೂಢಿ. ಶಶಿ ಶೇರ್ವಾನಿ ಹರಿಯುವ ಹಾಗೆ ಎಳೆದ. ಶೇರ್ವಾನಿ ಹರಿಯಿತು.

ಅಂಬುಜಮ್ಮ ಜನರನ್ನು ಸರಿಸಿಕೊಂಡು ಬಂದರು. ‘ಏನೇ ಬೇಕು ನಿಂಗೆ? ಕೇಳೇ.’

‘ಕೇಳಮ್ಮಾ ಅನ್ನಿ.’

ಅಜ್ಜಿ ನನ್ನ ಮುಖ ನೋಡಿದರು. ಆ ಬೆಳಿಗ್ಗೆ ನನ್ನ ಮುಖ ನೋಡಿದ ಮೊದಲನೆಯವರು ಅವರು. ‘ಕೇಳಮ್ಮಾ’ ಎಂದರು.

‘ಮುಖ ಮುಚ್ಚಲ್ಲ. ಕುದುರೆ ಜೊತೆ ಮುಂದಿನ ಗೇಟಲ್ಲೇ ಬರ್ತೀನಿ, ಹಿಂದಿನ ಗಲ್ಲೀಲಲ್ಲ. ಸಂಜೆ ಈ ವಿಡಿಯೋ ಪರದೇಲಿ ತೋರಿಸ್ತಾರಂತಲ್ಲ, ಆಗ ನಾನು ಒಳಗೆ ಕುರ್ಚಿ ಮೇಲೆ ಕೂತು ನೋಡ್ತೀನಿ. ಈಗ ಮೊದ್ಲು ನೀರು ಕೊಡಿ.’

‘ಅಮ್ಮಾ, ಇದೆಲ್ಲಾ ಆಗೋ ಮಾತಲ್ಲ’ ಎಂದರು ಬದರೀನಾರಾಯಣ. ‘ಬೀಗರ ಮುಂದೆ ನಮ್ಮ ಮರ್ಯಾದೆ...’

‘ಮುಹೂರ್ತಕ್ಕೆ ಗಂಡು ಬೇಕೋ, ನಿನ್ನ ಮರ್ಯಾದೆ ಬೇಕೋ? ಹುಡುಗನ ಮುಖ ನೋಡೋ, ಹೋಳಿಗೆ ಥರ ಊದ್ತಿದೆ. ನೀರು ಕೊಡೋ ಅವರಿಗೆ!’

ಬದರೀನಾರಾಯಣ ತಮ್ಮ ಕೈಯಲ್ಲಿದ್ದ ಬಾಟಲಿ ಕೊಟ್ಟರು. ಪೂರ್ತಿ ಕುಡಿದೆ. ನಿಧಾನವಾಗಿ ಕುಡಿದೆ. ಅವರು ನಾನು ಕುಡಿಯುವ ಸದ್ದು ಕೇಳುತ್ತಾ ನಿಂತಿದ್ದರು.

ಆಮೇಲೆ ಕೊಂಬೆ ಎತ್ತಿಕೊಂಡೆ. ಮಿನಿಸ್ಟರ್ ಹೆಜ್ಜೆ ಎತ್ತಿದ. ಕಶ್ಯಪನಿಗೆ ಬೀಸಿದೆ. ಮೂಗಿಗೆ, ಕಿವಿಗೆ, ಎದೆಗೆ. ಒಂದೆರಡು ಸಲ ಕೊಂಬೆ ತುಸು ಜೋರಾಗಿಯೇ ತಾಗಿತು. ‘ಥ್ಯಾಂಕ್ಸ್ ಆಂಟಿ’ ಎಂದ. ಕುದುರೆಯ ಹೊದಿಕೆ ತೆಗೆಯಿರಿ ಎಂದರು ಮೇಡಂ. ತೆಗೆದರೆ ನೊಣ ಇಬ್ಬರ ಮೇಲೂ ಬರುತ್ತವೆ, ನನಗಿರುವುದು ಒಂದು ಕೊಂಬೆ ಎಂದೆ. ಅವರ ವಾಕಿಟಾಕಿ ಏನೋ ಹೇಳಿತು. ‘ಹೋಗಲಿ, ಶೂಟ್ ಮಾಡ್ಕೊಳ್ಳಿ’ ಎಂದರು ಕ್ಯಾಮೆರಾದವನಿಗೆ. ‘ಎಡಿಟಿಂಗಲ್ಲಿ ನೋಡ್ಕೊಳ್ಳೋಣ.’

ಮುಂದಿನ ಗೇಟಿನಲ್ಲಿ ಹೋದೆವು. ಹಸಿರು ಬೆಟ್ಟ, ಅದರ ಮೇಲೆ ಜೇನು ಹಚ್ಚಿದ ವರ, ಪಕ್ಕದಲ್ಲಿ ನಾನು. ಗೇಟಿನಲ್ಲಿ ಎರಡು ಹುಡುಗಿಯರು ಪನ್ನೀರು ಚಿಮುಕಿಸುತ್ತಿದ್ದರು. ನನಗೂ ಚಿಮುಕಿಸಿದರು. ಯಾರೂ ಬೇಡವೆನ್ನುವಷ್ಟರಲ್ಲಿ ಬಿದ್ದಾಗಿತ್ತು.

ಕ್ಯಾಮೆರಾದವನು ಮಧ್ಯಾಹ್ನವೇ ಗಾಂಧಿನಗರದ ಒಂದು ಎಡಿಟಿಂಗ್ ರೂಮಿಗೆ ಎಲ್ಲವನ್ನೂ ಕಳಿಸಿದ್ದ. ಸಂಜೆಯೊಳಗೆ ಸಿದ್ಧವಾಗಬೇಕು. ಜೊತೆಗೆ ಮೊದಲೇ ಬರೆದಿಟ್ಟ ಚೀಟಿಯನ್ನೇ ಕಳಿಸಿದ್ದ: ‘ಹಸಿರು ಇರುವುದನ್ನೆಲ್ಲ ತೆಗೆಯಿರಿ.’ ಅಲ್ಲಿನವನಿಗೆ ಇವರ ಮನೆ ಗೊತ್ತಿಲ್ಲ, ಕುದುರೆ ಗೊತ್ತಿಲ್ಲ. ಹೇಳಿದ ಕೆಲಸ ಮಾಡಿದ. ತಿರುಗಿ ನೋಡುವ ಹೊತ್ತು ಯಾರಿಗೂ ಇರಲಿಲ್ಲ.

ಸಂಜೆ ಆರೂವರೆಗೆ ಆರತಕ್ಷತೆ. ಇನ್ನೂ ಬೆಳಕಿತ್ತು. ಮಿನಿಸ್ಟರನನ್ನು ಗೇಟಿನ ಹತ್ತಿರ ಫೋಟೋಕ್ಕೆಂದು ಮತ್ತೆ ನಿಲ್ಲಿಸಿದ್ದರು. ನಾನು ಒಳಗೆ ಹೋಗಿ ಮೂರನೆಯ ಸಾಲಿನಲ್ಲಿ ಕೂತೆ. ಕುರ್ಚಿಗೆ ಬಿಳಿ ಬಟ್ಟೆ ಹೊದಿಸಿ ಹಿಂದೆ ಗಂಟು ಹಾಕಿದ್ದರು. ಪಕ್ಕದಲ್ಲಿದ್ದ ಹೆಂಗಸು ಕೇಳಿದಳು.

‘ನೀವು ಹೆಣ್ಣಿನ ಕಡೆಯವರಾ, ಗಂಡಿನ ಕಡೆಯವರಾ?’

‘ಕುದುರೆ ಕಡೆಯೋಳು’ ಎಂದೆ.

ಅವಳು ಸ್ವಲ್ಪ ಯೋಚಿಸಿ, ‘ಓ, ದೂರದ ಸಂಬಂಧ’ ಎಂದಳು.

ದೀಪ ಆರಿಸಿದರು. ಪರದೆ ಬೆಳಗಿತು. ಬಸವನಗುಡಿಯ ರಸ್ತೆ ಬಂತು. ಎರಡೂ ಬದಿಯ ಮರಗಳಿಗೆ ಎಲೆಯ ಜಾಗದಲ್ಲಿ ತೂತುಗಳಿದ್ದವು. ಬರೀ ಕಾಂಡಗಳು ಸಾಲಾಗಿ ನಿಂತಿದ್ದವು. ಮೊದಲು ಅಂಬುಜಮ್ಮನ ತಲೆ ಬಂತು. ಕೆಳಗೆ ಮೈ ಇರಲಿಲ್ಲ. ತಲೆಯಿಂದ ಎರಡು ಅಡಿ ಕೆಳಗೆ ಎರಡು ಕೈಗಳು, ಬಳೆ ಸಮೇತ, ಬೆಳ್ಳಿ ಬಟ್ಟಲು ಹಿಡಿದು ಗಾಳಿಯಲ್ಲಿ ತೇಲುತ್ತಿದ್ದವು. ‘ಯಾರೋ ಅದು?’ ಎಂದು ಕತ್ತಲಲ್ಲಿ ಅಜ್ಜಿಯ ದನಿ ಕೇಳಿತು. ‘ನಾನಾ? ನನ್ನ ಸೀರೆ ಎಲ್ಲೋ? ನನ್ನನ್ನ ಯಾರೋ ಅಳಿಸಿದ್ದು!’

ಆಮೇಲೆ ಕಶ್ಯಪ ಬಂದ. ಕೆಳಗೆ ಕುದುರೆ ಇರಲಿಲ್ಲ. ಕಾಲು ಅಗಲಿಸಿಕೊಂಡು ನೆಲದಿಂದ ಐದು ಅಡಿ ಮೇಲೆ ಗಾಳಿಯ ಮೇಲೆ ಕೂತಿದ್ದ. ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳುತ್ತಾ ಮೇಲೆ ಕೆಳಗೆ ಕುಲುಕುತ್ತಾ ತೇಲಿ ಬರುತ್ತಿದ್ದ. ಮುಂದೆ ಹರಿದ ಶೇರ್ವಾನಿಯ ಶಶಿ, ಯಾವುದಕ್ಕೂ ಕಟ್ಟಿರದ ಲಗಾಮನ್ನು ಜಂಬದಿಂದ ಹಿಡಿದು ಬರುತ್ತಿದ್ದ. ಜನ ಕುರ್ಚಿಯಿಂದ ಬಿದ್ದು ನಕ್ಕರು.

ಮತ್ತೆ ಪಕ್ಕದಲ್ಲಿ ನಾನು.

ಪೂರ್ತಿ ನಾನು. ಇಟ್ಟಿಗೆ ಬಣ್ಣದ ಸೀರೆ. ಬೆವರಿಗೆ ಹಣೆಗಂಟಿದ ಕೂದಲು. ಸಿಟ್ಟಿನ ಮುಖ. ಎರಡು ಮೊಣಕೈಗಳು, ಎರಡೂ ನನ್ನವೇ. ಆ ಪರದೆಯಲ್ಲಿ ನೆಲದ ಮೇಲೆ ಕಾಲಿಟ್ಟು ಕೆಲಸ ಮಾಡುತ್ತಿದ್ದವಳು ನಾನೊಬ್ಬಳೇ. ನನ್ನ ಮುಖ ಅಷ್ಟು ದೊಡ್ಡದಾಗಿ ನಾನು ಎಂದೂ ನೋಡಿರಲಿಲ್ಲ. ಚೆನ್ನಾಗಿಯೇ ಇದೆ. ಕಣ್ಣು ಸ್ವಲ್ಪ ಮಿನಿಸ್ಟರನ ಹಾಗಿದೆ.

‘ನಿಲ್ಲಿಸ್ರೀ ಅದನ್ನ!’ ಎಂದು ಬದರೀನಾರಾಯಣ ಎದ್ದರು. ಪ್ರಿಯಂವದಾ ಮೇಡಂ ವಾಕಿಟಾಕಿಯನ್ನು ತಲೆಕೆಳಗಾಗಿ ಹಿಡಿದು ಮಾತಾಡುತ್ತಿದ್ದರು. ಪರದೆ ಕಪ್ಪಾಯಿತು.

‘ಇನ್ನೊಂದ್ಸಲ ಹಾಕಿ’ ಎಂದೆ ನಾನು.

ಗಟ್ಟಿಯಾಗಿ ಹೇಳಿದೆ. ಸಭೆ ತಿರುಗಿ ನೋಡಿತು. ವೇದಿಕೆಯ ಮೇಲೆ ಬಾತ ಮೂಗಿನ ಕಶ್ಯಪ ನಗು ತಡೆಯಲಾರದೆ ಹೆಂಡತಿಯ ಭುಜ ಹಿಡಿದುಕೊಂಡಿದ್ದ. ‘ಹಾಕಿ, ಹಾಕಿ. ನಾನೂ ಸರಿಯಾಗಿ ನೋಡಿಲ್ಲ’ ಎಂದ.

ಅಷ್ಟರಲ್ಲಿ ಶಶಿ ಸಾಲಿನ ನಡುವೆ ಬಗ್ಗಿಕೊಂಡು ಬಂದ. ಪೇಟ ಕಂಕುಳಲ್ಲಿತ್ತು.

‘ಬೈರಕ್ಕ, ಬೇಗ ಬಾ. ಎಂಜಲೆಲೆ ಎಲ್ಲ ಗೇಟ್ ಪಕ್ಕದಲ್ಲೇ ಸುರಿದವ್ರೆ. ಮಿನಿಸ್ಟರ್ ಮೇಲೆ ನೊಣ ಕೂತವೆ.’

‘ಹೋಗಿ ಓಡ್ಸು.’

‘ನಾನಾ?’

‘ನಿನ್ನ ಕುದುರೆ ತಾನೆ?’

‘ಏ, ಹುಡುಗಾಟ ಆಡ್ಬೇಡಕ್ಕ. ಎದ್ದೇಳು.’

ಏಳಲಿಲ್ಲ. ಕುರ್ಚಿಗೆ ಇನ್ನಷ್ಟು ಒರಗಿಕೊಂಡೆ. ಪರದೆ ಮತ್ತೆ ಬೆಳಗಿತು. ಶಶಿ ಅಡ್ಡವಾಗಿ ನಿಂತಿದ್ದ. ಹಿಂದಿನವರು ‘ರೀ, ಪಕ್ಕಕ್ಕೆ ಸರೀರಿ, ಕಾಣಲ್ಲ’ ಎಂದರು. ಸರಿದ.

‘ಕೊಂಬೆ ಎಲ್ಲೈತೆ?’

‘ಗೇಟಿನ ಹತ್ರ.’

‘ಮೊದ್ಲು ಎಲ್ಲಿಗೆ ಬೀಸ್ಬೇಕು?’

‘ಕಣ್ಣಿಗೆ’ ಎಂದೆ. ‘ಮೊದ್ಲು ಎಡಗಣ್ಣಿಗೆ.’

ಶಶಿ ಹೋದ. ನಾನು ಪರದೆ ನೋಡಿದೆ.